ತೋಳದ ಬೀಳಿಗೆ ಸುಣ್ಣದ ಕಲ್ಲು

ಸಫಾರಿ ಗಾಡಿ ಓಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೊಮ್ಮೆ ಈಗೊಮ್ಮೆ ಹಿಂದೂಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಆಫ್ರಿಕಾದಲ್ಲಿ ಗಾಡಿ ಓಡಿಸಿ ಬಂದವನು ಈ ಊರಲ್ಲಿ ಒಬ್ಬನಿದ್ದಾನೆ ಅಂತ ಯಾರೋ ಹೇಳಿರುತ್ತಾರೆ. ಬಂದವರು ಕೇಳುವ ಮೊದಲನೇ ಮಾತು, ಸಿಂಹ ಎಷ್ಟು ಹತ್ತಿರ ಬಂದಿತ್ತು ಅಂತ. ಎರಡನೆಯದು, ಹೆದರಿಕೆ ಆಗಲಿಲ್ಲವಾ ಅಂತ. ಸಿಂಹ ಹತ್ತಿರ ಬರುತ್ತದೆ, ಗಾಡಿಯ ನೆರಳಲ್ಲಿ ಮಲಗಿ ಎದ್ದು ಹೋಗುತ್ತದೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಹೆದರಿಕೆಯ ವಿಷಯ ಬೇರೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ನಿಜವಾಗಿ ಹೆದರಿದ್ದು ಒಂದೇ ಸಲ. ಅದೂ ಆಫ್ರಿಕಾದಲ್ಲಲ್ಲ, ಕಲ್ಯಾಣದುರ್ಗದ ಹತ್ತಿರ, ಕುರಿ ಕಾಯುವ ಒಬ್ಬ ಮನುಷ್ಯನ ಮುಖ ನೋಡುವುದಕ್ಕೆ. ಮನೆಗೆ ಬಂದವರ ಎದುರು ಅದನ್ನು ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ಕೆಲಸ ಎಂಥದ್ದು ಅಂತ ಹೇಳಿಬಿಡುತ್ತೇನೆ, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ. ದಾರಿ ಇರುವ ಕಡೆ ಗಾಡಿ ಓಡಿಸುವುದು ಒಂದು, ದಾರಿ ಇಲ್ಲದ ಕಡೆ ಓಡಿಸುವುದು ಇನ್ನೊಂದು. ನಾನು ಮಾಡಿದ್ದು ಎರಡನೆಯದು. ದೂರ ದೇಶದಿಂದ ಬಂದ ಪುಣ್ಯಾತ್ಮರಿಗೆ ಬೇರೆ ಗಾಡಿಯ ಚಕ್ರದ ಗುರುತು ಕಣ್ಣಿಗೆ ಬೀಳಬಾರದು, ಬಿದ್ದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಇಡೀ ದಿನದಲ್ಲಿ ಪ್ರಾಣಿ ಕಾಣುವುದು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಉಳಿದ ಹೊತ್ತೆಲ್ಲ ಕಾಯುವುದು, ಪಂಕ್ಚರ್ ಹಾಕುವುದು, ರೇಡಿಯೇಟರಿಗೆ ಮೆತ್ತಿದ ಹುಲ್ಲಿನ ಬೀಜ ಕೀಳುವುದು. ಉಚ್ಚೆ ಕಟ್ಟಿಕೊಂಡು ಕೂತು ಕೂತು ನನಗೆ ಕಿಡ್ನಿಯಲ್ಲಿ ಕಲ್ಲಾಯಿತು. ಬೆನ್ನು ಹೋಯಿತು. ಇವತ್ತಿಗೂ ಎಡಗಡೆ ಮಗ್ಗುಲಾಗಿ ಮಲಗಲು ಆಗುವುದಿಲ್ಲ.

ನಮ್ಮದು ನೇಯುವವರ ಮನೆ. ಅಪ್ಪನಿಗೆ ಎರಡು ಮಗ್ಗ ಇದ್ದವು, ನನಗೆ ಮಾತ್ರ ಕೂತಲ್ಲಿ ಕೂತು ಲಾಳಿ ಎಸೆಯುವುದು ಆಗಿಬರಲಿಲ್ಲ. ಸ್ಟೇಷನ್ ಹತ್ತಿರ ಒಂದು ಶೆಡ್ಡಿನಲ್ಲಿ ಜೀಪು ರಿಪೇರಿ ಮಾಡುತ್ತಿದ್ದೆ. ಅಲ್ಲಿಗೆ ಬೆಂಗಳೂರಿನ ರಾಯರು ಒಂದು ದಿನ ಆಕ್ಸಲ್ ಮುರಿದ ಜೀಪು ಎಳೆಸಿಕೊಂಡು ಬಂದರು. ಅವರು ಟಾಂಜಾನಿಯಾದ ಅರುಷಾ ಅನ್ನುವ ಊರಿನಲ್ಲಿ ಸಫಾರಿ ಕ್ಯಾಂಪು ನಡೆಸುತ್ತಿದ್ದರು, ರಜಕ್ಕೆ ಬಂದಿದ್ದರು. ನಾನು ಹೊಸ ಆಕ್ಸಲ್ ತರಿಸದೆ ಹಳೇ ಲಾರಿಯದನ್ನೇ ಸರಿಮಾಡಿ ಹಾಕಿ ಕಳಿಸಿದೆ. ಅದು ಬೆಂಗಳೂರಿನವರೆಗೆ ಹೋಯಿತೆಂದು ಅವರಿಗೆ ಖುಷಿಯೋ ಖುಷಿ. ಆರು ತಿಂಗಳಲ್ಲಿ ಟಿಕೆಟ್ ಕಳಿಸಿದರು. ಅಮ್ಮ ಎರಡು ದಿನ ಊಟ ಬಿಟ್ಟಳು. ನನ್ನ ಹೆಂಡತಿ ಗೋರಂಟ್ಲದವಳು, ಗಟ್ಟಿಗಿತ್ತಿ, ಹೋಗಿ ಬನ್ನಿ ಅಂದಳು. ಎರಡು ಸಾವಿರದ ಇಸವಿ ಆಗತಾನೆ ಶುರುವಾಗಿತ್ತು.

ಅಲ್ಲಿ ಹೋದ ಮೊದಲ ವಾರವೇ ಪೆದ್ದನಾದೆ. ಗ್ರೀಸು ಕಾಣುವುದಿಲ್ಲ ಅಂತ ಊರಿಂದ ಕಡುನೀಲಿ ಪ್ಯಾಂಟು ಶರ್ಟು ಹೊಲಿಸಿಕೊಂಡು ಹೋಗಿದ್ದೆ. ಆ ಕಡೆಯ ಕಾಡುಗಳಲ್ಲಿ ಸೆಟ್ಸೆ ಅಂತ ಒಂದು ನೊಣ ಇದೆ, ಅದಕ್ಕೆ ನೀಲಿ ಕಂಡರೆ ಪ್ರಾಣ. ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಸೂಜಿ ಚುಚ್ಚಿದ ಹಾಗೆ. ಗಾಡಿಯಲ್ಲಿದ್ದ ನಾಲ್ಕು ಜನರನ್ನೂ ಬಿಟ್ಟು ಎಲ್ಲ ನೊಣವೂ ನನ್ನ ಮೇಲೆ. ಸ್ಟೇರಿಂಗ್ ಬಿಟ್ಟು ಕುಣಿಯುತ್ತಿದ್ದೆ. ನಮ್ಮ ಕ್ಯಾಂಪಿನಲ್ಲಿ ಪ್ರಾಣಿಗಳ ಜಾಡು ಹಿಡಿಯುವವನು ಜುಮಾ ಅಂತ, ನನಗಿಂತ ಹತ್ತು ವರ್ಷ ದೊಡ್ಡವನು, ಬಾನೆಟ್ಟಿನ ಮುಂದೆ ಕಟ್ಟಿದ ಸೀಟಿನಲ್ಲಿ ಕೂರುತ್ತಿದ್ದ. ಅವನು ತಿರುಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆ ತನ್ನ ಹಳೇ ಖಾಕಿ ಶರ್ಟು ತಂದು ಕೊಟ್ಟ. ಅವತ್ತಿನಿಂದ ಅವನ ಜೊತೆಯೇ ಕೂತು ಊಟ ಮಾಡತೊಡಗಿದೆ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಅಂತ ಮಾಡುತ್ತಾರೆ, ನಮ್ಮ ಮುದ್ದೆಯೇ, ಬಣ್ಣ ಮಾತ್ರ ಬಿಳಿ.

ಎರಡನೇ ವರ್ಷ ಗಾಡಿ ಸುಟ್ಟೆ. ಎದೆಮಟ್ಟದ ಒಣಹುಲ್ಲಿನಲ್ಲಿ ಓಡಿಸುವಾಗ ಹುಲ್ಲು ಕಿತ್ತುಕೊಂಡು ಗಾಡಿಯ ಅಡಿ ಸೇರುತ್ತದೆ, ಸೈಲೆನ್ಸರ್ ಕೊಳವೆಗೆ ಸುತ್ತಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಕೆಳಗೆ ಮಲಗಿ, ಎಳೆದು ಹಾಕಬೇಕು. ಅವತ್ತು ಕಾಡುಕೋಣದ ಹಿಂಡು ಮುಂದೆ ಓಡುತ್ತಿತ್ತು, ಗಾಡಿಯಲ್ಲಿದ್ದವರು ನಿಲ್ಲಿಸಬೇಡ, ನಿಲ್ಲಿಸಬೇಡ ಅನ್ನುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಹೊಗೆ ಕಂಡು ಎಲ್ಲರನ್ನೂ ಇಳಿಸುವಷ್ಟರಲ್ಲಿ ಸೀಟಿಗೆ ಬೆಂಕಿ. ಜುಮಾ ಗಾಳಿಗೆ ಎದುರಾಗಿ ನಮ್ಮನ್ನು ಒಂದು ಒಣ ಹಳ್ಳಕ್ಕೆ ಓಡಿಸಿಕೊಂಡು ಹೋದ, ಇಲ್ಲದಿದ್ದರೆ ಹುಲ್ಲಿನ ಜೊತೆ ನಾವೂ ಬೇಯುತ್ತಿದ್ದೆವು. ಸಂಜೆ ಬೂದಿ ಮೆತ್ತಿಕೊಂಡು ನಡೆದು ಕ್ಯಾಂಪಿಗೆ ಬಂದೆವು.

ರಾಯರು ಬಯ್ಯಲಿಲ್ಲ. ಬಯ್ಯುವವರ ಕೈಕೆಳಗೆ ಕೆಲಸ ಮಾಡುವುದು ಸುಲಭ, ಬಯ್ಯದವರ ಕೈಕೆಳಗೆ ಕಷ್ಟ. ಟೀ ತರಿಸಿ ಕೊಟ್ಟರು. "ಗಿರಾಕಿ ಹೇಳಿದ್ರು ಅಂತ ನಿಲ್ಲಿಸದೇ ಇದ್ದೆ ಅಲ್ವಾ ಭೂಷಣ? ನಮ್ಮ ಕೆಲಸದಲ್ಲಿ ಅವಸರ ಮಾಡೋರು ಅವರು, ತಡ ಮಾಡಬೇಕಾದೋನು ನೀನು," ಅಂದರು. ಆ ಮಾತನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ನನಗೆ ಬೇಕಾದಾಗ ಅದು ನನ್ನ ತಲೆಗೆ ಬರಲಿಲ್ಲ.

ಜುಮಾನಿಂದ ಕಲಿತದ್ದು ಬಹಳ. ಎರೆಮಣ್ಣು ಒದ್ದೆಯಾದರೆ ಗಾಡಿ ಇಳಿಸಬಾರದು ಅನ್ನುವುದು ನನಗೆ ನಮ್ಮ ಸೀಮೆಯ ಬೆಳುಗುಪ್ಪದ ಕಡೆಯ ಹೊಲ ನೋಡಿ ಮೊದಲೇ ಗೊತ್ತಿತ್ತು, ಟಾಂಜಾನಿಯಾದ ಮಣ್ಣೂ ಅಂಥದ್ದೇ. ಗೊತ್ತಿಲ್ಲದಿದ್ದದ್ದು ದಾರಿಯ ಗುರುತು. ಜುಮಾ ಹೊಸ ಜಾಗಕ್ಕೆ ಹೋಗುವಾಗ ಅಲ್ಲಲ್ಲಿ ಇಳಿದು ಒಂದು ಕಲ್ಲನ್ನು ಬೋರಲು ಹಾಕುತ್ತಿದ್ದ. ಕಲ್ಲಿನ ಅಡಿ ಭಾಗ ಕಪ್ಪಗೆ, ಮಣ್ಣು ಹತ್ತಿಕೊಂಡು ಇರುತ್ತದೆ. ಹಾಕಿದವನಿಗೆ ಮಾತ್ರ ಅದು ಕಾಣುತ್ತದೆ. ರಾಯರ ಪದ್ಧತಿ ಬೇರೆ. ಕ್ಯಾಂಪಿಗೆ ಹೊಸ ಡ್ರೈವರ್‌ಗಳು ಬರುತ್ತಿದ್ದರಿಂದ ಕವಲು ಇರುವಲ್ಲೆಲ್ಲ ಕಲ್ಲಿಗೆ ಸುಣ್ಣ ಬಳಿಸುತ್ತಿದ್ದರು. ಆ ಕೆಲಸ ನನ್ನದು. ಜುಮಾ ಅದನ್ನು ನೋಡಿ ಮುಖ ತಿರುಗಿಸುತ್ತಿದ್ದ. ನೀನು ದಾರಿಯನ್ನು ಎಲ್ಲರಿಗೂ ಕೊಟ್ಟುಬಿಟ್ಟೆ ಅನ್ನುತ್ತಿದ್ದ. ಅಸೂಯೆ ಅಂದುಕೊಂಡಿದ್ದೆ ನಾನು.

ನಾಲ್ಕು ವರ್ಷಕ್ಕೆ ಕ್ಯಾಂಪು ಮುಚ್ಚಿತು, ಬರುವ ಜನವೇ ಕಮ್ಮಿಯಾದರು. ರಾಯರು ಸುಮ್ಮನೆ ಕೂರುವವರಲ್ಲ. ನಮ್ಮ ಸೀಮೆಯ ಕುರುಚಲು ಬಯಲಿನಲ್ಲಿ ತೋಳ ಇವೆ, ಕೃಷ್ಣಮೃಗ ಇವೆ, ನರಿ ಇವೆ, ಇದನ್ನು ಯಾರೂ ತೋರಿಸುತ್ತಿಲ್ಲ ಅಂದರು. ಆಫ್ರಿಕಾದಲ್ಲಿ ಮಾಡಿದ್ದನ್ನೇ ಇಲ್ಲಿ ಮಾಡೋಣ, ದಾರಿ ಬಿಟ್ಟು ಹೋಗೋಣ ಅಂದರು. ಎರಡು ಜೀಪು ತೆಗೆದುಕೊಂಡರು. ಒಂದು ನನ್ನ ಕೈಗೆ. ಬೆಂಗಳೂರಿನಿಂದ ರೈಲಿಗೆ ಬರುವ ಫೋಟೋದವರನ್ನು ಹಿಂದೂಪುರದಲ್ಲಿ ಇಳಿಸಿಕೊಂಡು, ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗಿ, ಎರಡು ದಿನ ತಿರುಗಿಸಿ ವಾಪಸ್ಸು ಬಿಡಬೇಕು. ಊರಲ್ಲಿ ಜನ ನಗುತ್ತಿದ್ದರು. ಊರ ಮುಂದಿನ ತೋಳ ನೋಡುವುದಕ್ಕೆ ಯಾರಾದರೂ ಟಿಕೆಟ್ ಮಾಡಿಸಿಕೊಂಡು ಬರುತ್ತಾರಾ ಅಂತ.

ತೋಳ ಸಿಗುವುದು ಸಿಂಹ ಸಿಕ್ಕಷ್ಟು ಸಸಾರ ಅಲ್ಲ. ಮೊದಲ ಮೂರು ತಿಂಗಳು ಒಂದೂ ಕಾಣಲಿಲ್ಲ. ಆಮೇಲೆ ಕರಿಯಣ್ಣ ಸಿಕ್ಕ. ಕಲ್ಯಾಣದುರ್ಗ ದಾಟಿ ಬೆಳುಗುಪ್ಪದ ಕಡೆ ಹೋಗುವಾಗ ಒಂದು ಸಣ್ಣ ಹಳ್ಳಿ, ಅಲ್ಲಿಯ ಕುರುಬ, ಐವತ್ತೈದು ಅರವತ್ತು ವಯಸ್ಸು, ಎಂಬತ್ತು ಕುರಿಯ ಮಂದೆ. ನನ್ನ ಜೀಪು ಹಳ್ಳದ ಮರಳಿನಲ್ಲಿ ಹೂತಾಗ ತನ್ನ ಕಂಬಳಿಯನ್ನು ಚಕ್ರದಡಿ ಹಾಸಿ ಎತ್ತಿಸಿದ. ಏನು ಹುಡುಕುತ್ತೀರಿ ಅಂದ. ತೋಳ ಅಂದೆ. ಸರಕ್ಕನೆ ಕುರಿಗಳ ಕಡೆ ನೋಡಿ, ಮಂದೆಯ ಹತ್ತಿರ ಆ ಹೆಸರು ಎತ್ತಬಾರದು ಅಂತ ಗದರಿದ. ಅವರೆಲ್ಲ 'ಅದು' ಅನ್ನುತ್ತಾರೆ. ವರ್ಷಕ್ಕೆ ಒಂದೆರಡು ಮರಿ ಹೋದರೆ ಅದರ ಪಾಲು ಅದು ತಗೊಂಡಿತು ಅಂತ ಸುಮ್ಮನಾಗುತ್ತಾರೆ.

ಎಂಟು ತಿಂಗಳು ನನ್ನನ್ನು ಅಳೆದು ನೋಡಿದ ಮೇಲೆ ಅವನು ಒಂದು ಜಾಗ ತೋರಿಸಿದ. ಮೂರು ಗುಡ್ಡಗಳ ನಡುವೆ ಒಂದು ಬೀಳು, ಸರ್ಕಾರಿ ಬಂಜರು. ದಾರಿ ಅಂತ ಏನೂ ಇಲ್ಲ, ಎರಡು ಹಳ್ಳ ದಾಟಿ ಬಳಸಿಕೊಂಡು ಹೋಗಬೇಕು. ಮೊಣಕಾಲೆತ್ತರ ಹುಲ್ಲು. ಒಂದು ಕೊರಕಲಿನ ಬದಿಯಲ್ಲಿ ತೋಳ ತೋಡಿದ ಗುದ್ದು, ಅದರ ಬಾಯಲ್ಲಿ ಎಲುಬು. ನಾವು ಎದುರು ಗುಡ್ಡದ ಮೇಲೆ ಬಂಡೆಯ ಹಿಂದೆ ಮಲಗಿ ನೋಡಿದೆವು. ಬೆಳಗಿನ ಬಿಸಿಲಿಗೆ ತಾಯಿ ಹೊರಗೆ ಬಂತು, ಹಿಂದೆಯೇ ಕಣ್ಣು ಬಿಟ್ಟಿದ್ದ ಮರಿಗಳು, ಮೂರೋ ನಾಲ್ಕೋ. ಆಫ್ರಿಕಾದಲ್ಲಿ ನಾಲ್ಕು ವರ್ಷ ನೋಡಿದ್ದಕ್ಕಿಂತ ಅದು ನನಗೆ ಹೆಚ್ಚು ಅನ್ನಿಸಿತು. ನಮ್ಮ ನೆಲದ್ದು ಅಂತಲೋ ಏನೋ.

ಇಳಿಯುವಾಗ ಕರಿಯಣ್ಣ ನನ್ನ ಕೈ ಹಿಡಿದು ನಿಲ್ಲಿಸಿದ.

"ಯಾರಿಗೂ ಗ್ಯಾಪಕ ಇಲ್ದಿರೋ ನೆಲ ಕಣಪ್ಪ ಇದು. ಗ್ಯಾಪಕ ಬಂತು ಅಂದ್ರೆ ಬಂದು ಉತ್ಬುಡ್ತಾರೆ. ಆಮೇಲೆ ಅದುಕ್ಕೂ ಜಾಗಿಲ್ಲ, ನನ್ನ ಕುರಿಗೂ ಜಾಗಿಲ್ಲ. ಬೇಸಿಗೇಲಿ ಮೇವು ಅಂತ ಇರೋದು ಇದೊಂದೇ."

ಯಾರಿಗೂ ಹೇಳುವುದಿಲ್ಲ ಅಂದೆ. ಫೋಟೋದವರನ್ನು ಕರೆತಂದರೂ ಬಳಸಿಕೊಂಡು ತರುತ್ತೇನೆ, ಊರಿನವರಿಗೆ ಸುಳಿವು ಬಿಡುವುದಿಲ್ಲ ಅಂದೆ. ಅವನು ಭಾಷೆ ಕೊಡು ಅನ್ನಲಿಲ್ಲ. ನಾನೇ ಕೈ ಮುಂದೆ ಮಾಡಿ ಕೊಟ್ಟೆ.

ಆ ಚಳಿಗಾಲ ನಾಲ್ಕು ಸಲ ಹೋದೆವು, ಕರಿಯಣ್ಣ ಮುಂದೆ ಕೂತಿದ್ದಾಗ ಒಂದು ಸಲವೂ ತಪ್ಪಲಿಲ್ಲ. ಮುಂದಿನ ವರ್ಷ ಅದೇ ಗುದ್ದಿನಲ್ಲಿ ಮತ್ತೆ ಮರಿ ಹಾಕಿತು. ಸಂಕ್ರಾಂತಿ ಕಳೆದ ಮೇಲೆ ಕರಿಯಣ್ಣ ಚಿಲಮತ್ತೂರಿಗೆ ಹೊರಟ. ಅಲ್ಲಿಗೆ ಕೊಟ್ಟ ಮಗಳಿಗೆ ಗಂಡುಮಗು, ಹೆಸರಿಡುವ ಶಾಸ್ತ್ರ. ಹದಿನೈದು ದಿನ ಇದ್ದು ಬತ್ತೀನಿ ಅಂದ. ಮಂದೆಯನ್ನು ಬಾಮೈದನ ಕೈಗೆ ಕೊಟ್ಟ. ಅವನು ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ತರುಬಿಕೊಂಡು ದೂರ ಹೋದ. ಬೀಳಿನಲ್ಲಿ ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ರಾಯರು ಒಂದಾದ ಮೇಲೊಂದು ಎರಡು ತಂಡ ಕಳಿಸಿದರು. ಎರಡು ಸಲವೂ ದಾರಿ ತಪ್ಪಿದೆ. ನೋಡಿದವರಿಗೆ ಗೊತ್ತು, ಆ ಕಡೆ ಗುಡ್ಡಗಳೆಲ್ಲ ಒಂದೇ ಥರ, ಮೇಲೆ ನಾಲ್ಕು ಬಂಡೆ, ಕೆಳಗೆ ಜಾಲಿ. ಬಿಸಿಲು ಏರಿದ ಮೇಲೆ ಜಾಗ ಸಿಕ್ಕಿತು, ಅಷ್ಟರಲ್ಲಿ ತೋಳ ಒಳಗೆ. ಬಂದವರು ರಾಯರಿಗೆ ದೂರು ಕೊಟ್ಟರು. ರಾಯರು ಫೋನಿನಲ್ಲಿ ದನಿ ಏರಿಸದೆಯೇ ಹೇಳಿದರು, ಮುಂದಿನ ವಾರ ಬರುವವರು ಮುಖ್ಯದವರು, ಈ ಸಲವೂ ತಪ್ಪಿದರೆ ಕಲ್ಯಾಣದುರ್ಗದ ಕೆಲಸ ನಿಲ್ಲಿಸಿಬಿಡೋಣ ಅಂತ. ಕರಿಯಣ್ಣ ಬರಲು ಇನ್ನೂ ಹತ್ತು ದಿನ ಇತ್ತು. ನಾಲ್ಕು ದಿನ ತಡೆಯಿರಿ ಅಂತ ರಾಯರಿಗೆ ಹೇಳಿದ್ದರೆ ಬಹುಶಃ ಒಪ್ಪುತ್ತಿದ್ದರು. ಆಫ್ರಿಕಾ ಸುತ್ತಿ ಬಂದ ಡ್ರೈವರಿಗೆ ಒಂದು ಬೀಳಿನ ದಾರಿ ಸಿಗುವುದಿಲ್ಲ ಅಂತ ಹೇಳಲು ನನಗೆ ನಾಚಿಕೆ.

ಮೊದಲು ಜುಮಾನ ಹಾಗೆ ಕಲ್ಲು ಬೋರಲು ಹಾಕಿ ನೋಡಿದೆ. ಆ ನೆಲದಲ್ಲಿ ಕಲ್ಲು ಬಿಟ್ಟರೆ ಬೇರೆ ಏನಿದೆ, ದನ ಕುರಿ ತುಳಿದು ಅರ್ಧ ಕಲ್ಲು ತಾನಾಗಿಯೇ ಬೋರಲು ಬಿದ್ದಿರುತ್ತವೆ. ಮಾರನೇ ದಿನ ನಾನು ಹಾಕಿದ್ದು ಯಾವುದೋ, ಆಡು ಉರುಳಿಸಿದ್ದು ಯಾವುದೋ ತಿಳಿಯಲಿಲ್ಲ. ಕಲ್ಯಾಣದುರ್ಗದ ಅಂಗಡಿಯಲ್ಲಿ ಸುಣ್ಣದ ಪ್ಯಾಕೆಟ್ಟು, ಒಂದು ಕುಂಚ ತೆಗೆದುಕೊಂಡೆ. ಬಕೆಟ್ಟಿನಲ್ಲಿ ಕಲೆಸಿ, ಟಾರು ರಸ್ತೆ ಬಿಟ್ಟು ಸ್ವಲ್ಪ ಒಳಗಿನಿಂದ ಶುರುಮಾಡಿ, ಎಲ್ಲೆಲ್ಲಿ ತಿರುಗಬೇಕೋ ಅಲ್ಲಲ್ಲಿ ಒಂದೊಂದು ಕಲ್ಲಿಗೆ ಬಳಿದೆ. ಒಟ್ಟು ಹದಿನೇಳು. ಒಂದು ನೋಟ್ ಪುಸ್ತಕದಲ್ಲಿ ಒಂದರಿಂದ ಒಂದಕ್ಕೆ ಎಷ್ಟು ದೂರ ಅಂತ ಬರೆದುಕೊಂಡೆ. ಖಾಕಿ ಶರ್ಟು ಹಾಕಿದ್ದೆ.

ಕೊನೆಯ ಕಲ್ಲಿನ ಹತ್ತಿರ, ಕಸಬರಿಗೆ ಹುಲ್ಲು ಕೊಯ್ಯುತ್ತಿದ್ದವನೊಬ್ಬ ಎದ್ದು ನಿಂತ. ನನ್ನನ್ನು ನೋಡಿದ, ಜೀಪನ್ನು ನೋಡಿದ, ಕಲ್ಲನ್ನು ನೋಡಿದ. "ಏಮಿ ಸಾರ್, ಸರ್ವೇನಾ?" ಅಂದ ತೆಲುಗಿನಲ್ಲಿ.

ಅಲ್ಲ ಅಂದರೆ ಮತ್ತೇನು ಅನ್ನುತ್ತಾನೆ. ತೋಳದ ವಿಷಯ ಬಾಯಿಬಿಡಬಾರದು, ಕರಿಯಣ್ಣನಿಗೆ ಮಾತು ಕೊಟ್ಟಿದ್ದೇನೆ. "ಅವುನು, ಸರ್ವೇ," ಅಂದೆ. ಯಾರಿಗೆ ಕೊಡ್ತಾರೆ ಸಾರ್ ಅಂತ ಮತ್ತೆ ಕೇಳಿದ. ಅದು ಮೇಲಿನವರಿಗೇ ಗೊತ್ತು ಅಂದು ಜೀಪು ಹತ್ತಿದೆ. ಎಷ್ಟು ಜಾಣತನದಿಂದ ಗುಟ್ಟು ಉಳಿಸಿದೆ ಅಂತ ದಾರಿಯುದ್ದಕ್ಕೂ ನನಗೆ ನಾನೇ ಭೇಷ್ ಹೇಳಿಕೊಂಡೆ.

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಸರ್ಕಾರಿ ಬಂಜರನ್ನು ಬಡವರಿಗೆ ಪಟ್ಟಾ ಕೊಡುತ್ತಾರೆ ಅಂತ ಸುದ್ದಿ ಆಗಾಗ ಏಳುತ್ತದೆ. ಅಳತೆಗೆ ಬಂದಾಗ ಯಾರು ಆ ನೆಲ ಉತ್ತು ಸಾಗು ಮಾಡುತ್ತಿರುತ್ತಾರೋ ಅವರ ಹೆಸರು ಮೊದಲು ಬರುತ್ತದೆ ಅನ್ನುವುದು ಜನರ ನಂಬಿಕೆ. ಅಳತೆಯವರು ಗಡಿಗೆ ಇಡುವುದೂ ಸುಣ್ಣ ಬಳಿದ ಕಲ್ಲೇ. ಹಾಗಾಗಿ ಸುಣ್ಣದ ಕಲ್ಲು ಕಂಡರೆ ಸಾಕು, ಆಫೀಸಿಗೆ ಹೋಗಿ ಕೇಳುತ್ತಾ ಕೂರುವುದಿಲ್ಲ, ನೇಗಿಲು ಕಟ್ಟುತ್ತಾರೆ. ನನಗೂ ಇದು ಗೊತ್ತಿತ್ತು. ಹಿಂದೂಪುರದ ಸುತ್ತ ನನ್ನ ಕಣ್ಣೆದುರೇ ನಡೆದಿತ್ತು. ಟಾಂಜಾನಿಯಾದಲ್ಲಿ ಸುಣ್ಣ ಬಳಿದಷ್ಟು ಸಲೀಸಾಗಿ ಇಲ್ಲಿಯೂ ಬಳಿದುಬಿಟ್ಟೆ, ಎಲ್ಲಿ ನಿಂತಿದ್ದೇನೆ ಅನ್ನುವುದೇ ಮರೆತು. ಇದಕ್ಕಿಂತ ದೊಡ್ಡ ಮುಟ್ಠಾಳತನ ನಾನು ಬೇರೆ ಮಾಡಿಲ್ಲ.

ಎಂಟನೇ ದಿನ ಮುಖ್ಯದವರನ್ನು ಕೂರಿಸಿಕೊಂಡು ಬೆಳಿಗ್ಗೆ ಹೊರಟೆ. ಇಬ್ಬರು, ಗಂಡ ಹೆಂಡತಿ, ಕೈಯುದ್ದದ ಕ್ಯಾಮೆರಾ. ಮೊದಲ ಹಳ್ಳ ದಾಟಿದಾಗಲೇ ಟ್ರಾಕ್ಟರಿನ ಸದ್ದು ಕೇಳಿಸಿತು. ಮಳೆಗೆ ಇನ್ನೂ ನಾಲ್ಕು ತಿಂಗಳು, ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಯಾರೂ ಉಳುವುದಿಲ್ಲ, ನೆಲ ಕಬ್ಬಿಣದ ಹಾಗೆ ಇರುತ್ತದೆ. ಗುಡ್ಡ ಹತ್ತಿ ನೋಡಿದೆ. ನಾಲ್ಕು ಟ್ರಾಕ್ಟರು. ಬೀಳು ಮುಕ್ಕಾಲು ಪಾಲು ಕೆಂಪು ಹೆಂಟೆ. ಹೆಂಗಸರು ಜಾಲಿ ಬೇರು ಕಿತ್ತು ಗುಡ್ಡೆ ಹಾಕುತ್ತಿದ್ದರು. ನನ್ನ ಕಲ್ಲುಗಳನ್ನು ಯಾರೂ ಮುಟ್ಟಿರಲಿಲ್ಲ. ಅವನ್ನೇ ಗಡಿ ಮಾಡಿಕೊಂಡು ಬದು ಎತ್ತಿದ್ದರು. ಹಳ್ಳ ತಪ್ಪಿಸಲು ನನ್ನ ಜೀಪು ಎಲ್ಲಿ ಸೊಟ್ಟ ತಿರುಗಿತ್ತೋ ಅಲ್ಲಿ ಅವರ ಬದುವೂ ಸೊಟ್ಟ ತಿರುಗಿತ್ತು.

ಕೊರಕಲು ಇರಲಿಲ್ಲ. ಬ್ಲೇಡು ಹಾಕಿ ಮಟ್ಟ ಹೊಡೆದಿದ್ದರು. ಗುದ್ದಿದ್ದ ಜಾಗ ಯಾವುದು ಅಂತ ಹುಡುಕಲು ನನಗೆ ಸುಮಾರು ಹೊತ್ತು ಹಿಡಿಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸನ್ನು ಕೇಳಿದೆ. ಮೊನ್ನೆ ಮಣ್ಣು ತಳ್ಳುವಾಗ ನಾಯಿಯಂಥದ್ದೊಂದು ಎದ್ದು ಓಡಿತು, ಒಳಗೆ ಕುಂಯ್ ಕುಂಯ್ ಅಂತಿತ್ತು, ಟ್ರಾಕ್ಟರಿನವನು ನಿಲ್ಲಿಸಲಿಲ್ಲ ಅಂದಳು. ಹೇಳಿ ಮತ್ತೆ ಬೇರು ಕೀಳಲು ಬಗ್ಗಿದಳು. ನಾನು ಕೈಯಲ್ಲೇ ತೋಡಿ ನೋಡಿದೆ, ಸಲಿಕೆ ಇಸಿದುಕೊಂಡು ತೋಡಿದೆ. ಮೊದಲು ಸಿಕ್ಕ ಮರಿ ಅಂಗೈಯಗಲ ಇತ್ತು. ಆಮೇಲೆ ತೋಡಲು ನನಗೆ ಆಗಲಿಲ್ಲ. ತಾಯಿ ತೋಳ ಆಚೆ ಗುಡ್ಡದ ತುದಿಯಲ್ಲಿ, ಹಗಲು ಹೊತ್ತಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಂತಿತ್ತು. ನಾನು ಕರೆತಂದವರು ಅದರ ಫೋಟೋ ತೆಗೆದರು. ಬಹಳ ಚೆನ್ನಾಗಿ ಬಂದಿದೆ ಅಂತ ಆಮೇಲೆ ರಾಯರು ಹೇಳಿದರು.

ಅವತ್ತು ಮಧ್ಯಾಹ್ನ ಉಳುತ್ತಿದ್ದವರ ಊರೊಳಗೆ ಹೋಗಿ ಕಟ್ಟೆಯ ಮೇಲೆ ಕೂತವರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಸರ್ವೇಯವನಲ್ಲ, ಡ್ರೈವರು, ತೋಳ ತೋರಿಸುವುದಕ್ಕೆ ದಾರಿ ಗುರುತು ಹಾಕಿದ್ದು, ಸುಳ್ಳು ಹೇಳಿದೆ, ತಪ್ಪಾಯಿತು ಅಂದೆ. ಕಾಫಿ ತರಿಸಿ ಕೊಟ್ಟರು. ಒಬ್ಬ ನಗುತ್ತಾ ನನ್ನ ಪಕ್ಕ ಬಂದು ಕೂತ.

"ಮೊನ್ನೆ ಸರ್ವೇ ಅಂದ್ರಿ, ಇವತ್ತು ಅಲ್ಲ ಅಂತೀರ. ಯಾವೂರೋರು ಬಂದು ಮಾತಾಡಿದ್ರು ಸಾರ್ ನಿಮ್ಮತ್ರ?"

ಬೇರೆ ಊರಿನವರು ದುಡ್ಡು ಕೊಟ್ಟು ನನ್ನ ಬಾಯಿ ಕಟ್ಟಿದ್ದಾರೆ ಅಂತ ಅವರ ಅನುಮಾನ. ತೋಳ ನೋಡಲು ಜನ ಬೆಂಗಳೂರಿನಿಂದ ಬರುತ್ತಾರೆ ಅನ್ನುವ ಮಾತನ್ನು ಅವರು ಹೇಗೆ ನಂಬಿಯಾರು. ನನ್ನ ನೋಟ್ ಪುಸ್ತಕ ಕಂಡು, ಅದರಲ್ಲಿ ತಮ್ಮ ಹೆಸರು ಬರೆಯಿರಿ ಅಂತ ನಾಲ್ಕು ಜನ ಸುತ್ತುವರಿದರು. ಸರ್ವೇ ಸಾರು ಬಂದು ಸರ್ವೇ ಇಲ್ಲ ಅಂದು ಹೋದರು, ಒಳಗೆ ಏನೋ ನಡೀತಿದೆ ಅಂತ ಸುದ್ದಿ ಹಬ್ಬಿ, ಆ ವಾರ ಪಕ್ಕದ ಊರಿನಿಂದಲೂ ಎರಡು ಟ್ರಾಕ್ಟರು ಬಂದವು. ಆ ಸರ್ವೇ ಯಾವತ್ತೂ ಬರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬರುತ್ತದೆ ಅಂತ ಕಾದು ಅವರು ಪ್ರತಿ ವರ್ಷ ಆ ನೆಲ ಉಳುತ್ತಲೇ ಹೋದರು. ಕಲ್ಲುನೆಲ, ಅಂಥ ಬೆಳೆಯೇನೂ ಬರಲಿಲ್ಲ. ಕರಿಯಣ್ಣ ಮುಂದಿನ ಬೇಸಿಗೆಯೊಳಗೆ ಮಂದೆಯಲ್ಲಿ ಐದಾರು ಕುರಿ ಉಳಿಸಿಕೊಂಡು ಮಿಕ್ಕದ್ದು ಮಾರಿದ.

ರಾಯರಿಗೆ ಫೋನು ಮಾಡಿದೆ. ಬೇರೆ ಕಡೆ ನೋಡು ಭೂಷಣ, ತೋಳ ಒಂದೇ ಕಡೆ ಇರಲ್ಲ ಅಂದರು. ಅವರ ಮೇಲೆ ನನಗೆ ಅಷ್ಟು ಕೋಪ ಬಂದದ್ದು ಅದೇ ಮೊದಲು. ಕೋಪ ಮಾಡಿಕೊಳ್ಳುವ ಯೋಗ್ಯತೆ ನನಗೆಲ್ಲಿತ್ತು ಅಂತಲೂ ಅನ್ನಿಸಿತು. ಅವತ್ತು ಹಿಂದೂಪುರಕ್ಕೆ ಹೋಗಲಿಲ್ಲ. ಬಂದವರನ್ನು ಬಸ್ಸು ಹತ್ತಿಸಿ ಕಲ್ಯಾಣದುರ್ಗದಲ್ಲೇ ಉಳಿದೆ. ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಆ ಮನುಷ್ಯ ಬರುವವರೆಗೆ ಅಲ್ಲೇ ಇರಿ, ಬೇರೆಯವರ ಬಾಯಿಂದ ತಿಳಿಯುವುದು ಬೇಡ ಅಂದಳು.

ಮೂರನೇ ದಿನ ಕರಿಯಣ್ಣ ಬಂದ. ಬೀಳಿಗೆ ಹೋಗುವ ಮೊದಲನೇ ಹಳ್ಳದ ಹತ್ತಿರ ಕಾಯುತ್ತಿದ್ದೆ. ಬಾಮೈದನಿಂದ ಮಂದೆ ಬಿಡಿಸಿಕೊಂಡು ಹೊಡೆದುಕೊಂಡು ಬರುತ್ತಿದ್ದ, ಹೊಸ ಪಂಚೆ ಉಟ್ಟಿದ್ದ, ಮೊಮ್ಮಗನಿಗೆ ಏನು ಹೆಸರಿಟ್ಟರು ಅಂತ ದೂರದಿಂದಲೇ ಹೇಳಿದ. ಅವನ ಮುಖ ನೋಡದೆ ಜೊತೆಗೆ ಗುಡ್ಡ ಹತ್ತಿದೆ. ಮೇಲೆ ಬಂದವನು ನಿಂತ. ಕುರಿಗಳು ರೂಢಿಯಂತೆ ಮುಂದೆ ಓಡಿ ಹೆಂಟೆಗಳ ಮೇಲೆ ಇಳಿದವು, ಮೂಸಿದವು, ಅಲ್ಲಿ ಇಲ್ಲಿ ತಿರುಗಿ, ಒಂದೊಂದೇ ವಾಪಸ್ಸು ಬಂದು ಅವನ ಸುತ್ತ ನಿಂತವು.

ಆಗ ಹೇಳಿದೆ. ದಾರಿ ತಪ್ಪಿದ್ದು, ಸುಣ್ಣ ತಂದದ್ದು, ಹುಲ್ಲು ಕೊಯ್ಯುವವನಿಗೆ ಸುಳ್ಳು ಹೇಳಿದ್ದು, ಮರಿಗಳು ಮಣ್ಣಿನಡಿ ಹೋದದ್ದು, ಕಟ್ಟೆಯ ಮೇಲೆ ಯಾರೂ ನಂಬದೇ ಹೋದದ್ದು, ಎಲ್ಲ. ನಡುನಡುವೆ ಅಳು ಬಂತು, ಅದನ್ನೂ ಮರೆಮಾಡಲಿಲ್ಲ. ಕರಿಯಣ್ಣ ನನ್ನ ಮುಖ ನೋಡಲಿಲ್ಲ, ಬೀಳನ್ನೇ ನೋಡುತ್ತಿದ್ದ.

"ಹಾದಿ ಗೊತ್ತಾಗ್ಲಿಲ್ಲ ಅಂತ ಕಲ್ಲು ಇಕ್ಕಿದ್ದಾ?"

ಹೂಂ ಅಂದೆ.

"ನಾನು ಬರೋಗಂಟ ಕಾಯ್ಬೋದಿತ್ತಲ್ಲಪ್ಪ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಅಷ್ಟೇ ಹೇಳಿ ಕುಕ್ಕರಗಾಲಿನಲ್ಲಿ ಕೂತ. ಕೆಳಗೆ ಟ್ರಾಕ್ಟರು ಆ ತುದಿಯಿಂದ ಈ ತುದಿಗೆ ಬರುತ್ತಿತ್ತು. ನಮ್ಮ ಕಾಲ ಬುಡದಲ್ಲಿ, ಗುಡ್ಡದ ತಪ್ಪಲಿಗೆ ಹತ್ತಿಕೊಂಡು, ಇನ್ನೂ ಉಳದ ಒಂದು ತುಂಡು ಉಳಿದಿತ್ತು. ಎರಡು ಕುರಿ ಹಟ್ಟಿಯಷ್ಟು ಅಗಲ ಇರಬಹುದು. ಅದನ್ನು ನೋಡುತ್ತಾ, ಜೀಪಿನಲ್ಲಿ ಸುಣ್ಣ ಉಳಿದಿದೆಯಾ ಅಂತ ಕೇಳಿದ. ಅರ್ಧ ಪ್ಯಾಕೆಟ್ಟು ಇತ್ತು.

"ಬಾ, ಇಲ್ಲೊಂದು ಕಲ್ಲು ಬಳಿ. ನಿನ್ನ ಕಲ್ಲು ಅಂದ್ರೆ ದಾಟಾಕಿಲ್ಲ ಅವ್ರು. ಕುರಿ ನಿಲ್ಲಾಕಾದ್ರೂ ಆಯ್ತದೆ."

ಆ ಕಲ್ಲಿಗೆ ಬೆಲೆ ಇಲ್ಲ ಕರಿಯಣ್ಣ, ಸುಳ್ಳು ಅದು ಅಂದೆ.

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ಬಳಿ."

ಹೋಗಿ ಬಕೆಟ್ಟು ತಂದೆ. ಅವನು ತನ್ನ ನೀರಿನ ಕ್ಯಾನಿನಿಂದ ನೀರು ಹುಯ್ದ, ನಾನು ಕಲೆಸಿದೆ. ಅವನು ತೋರಿಸಿದ ಕಲ್ಲಿಗೆ ಮಂಡಿಯೂರಿ ಕೂತು ಬಳಿದೆ. ಟ್ರಾಕ್ಟರಿನವನು ಹತ್ತಿರ ಬಂದು ನಿಲ್ಲಿಸಿ ನೋಡಿದ. ನೇಗಿಲು ಎತ್ತಿಕೊಂಡ. ಆ ತುಂಡನ್ನು ಬಳಸಿಕೊಂಡು ಆಚೆ ತಿರುಗಿಸಿದ. ಹೋಗುವಾಗ ನನ್ನ ಕಡೆ ಕೈ ಎತ್ತಿ, ನಮಸ್ಕಾರ ಸಾರ್ ಅಂದ.